ಜಗತ್ ಸರ್ಕಲ್‌ನ ಆ ಅಣ್ಣನಿಗೆ

2023ರ ಜುಲೈ 3. ಮರುದಿನ ಬೆಂಗಳೂರಿನ ಕಂಠೀರವದಲ್ಲಿ ಭಾರತ–ಕುವೈತ್ ಸ್ಯಾಫ್ ಫುಟ್‌ಬಾಲ್ ಫೈನಲ್. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ನಮ್ಮ ಆಟೋ ಕೆಟ್ಟು ನಿಂತಿತು. ಮಳೆ ಬೇರೆ, ರೈಲಿನ ಹೊತ್ತಾಗಿತ್ತು. ನೀಲಿ ಜೆರ್ಸಿ ತೊಟ್ಟ ಮಗಳು ಅಳು ನುಂಗಿಕೊಂಡು ನಿಂತಿದ್ದಳು.

ನೀವು ಬೈಕ್ ನಿಲ್ಲಿಸಿ, "ಕುಂದರ್ರಿ ಸರ್ರ, ಗಾಡಿ ಸಿಗ್ತದ" ಅಂದ್ರಿ. ನಿಮ್ಮ ರೇನ್‌ಕೋಟ್ ಬಿಚ್ಚಿ ಅವಳಿಗೆ ಹೊದಿಸಿದ್ರಿ, ನೀವು ತೋಯ್ಸಿಕೊಂಡೇ ಓಡಿಸಿದ್ರಿ. ಬ್ಯಾಗ್ ಹೊತ್ತು ಪ್ಲಾಟ್‌ಫಾರ್ಮ್‌ವರೆಗೂ ಬಂದು, ಅವಳನ್ನು ಎತ್ತಿ ಬೋಗಿಯೊಳಗೆ ಬಿಟ್ರಿ. ದುಡ್ಡು ತೆಗೆದರೆ "ಗೆದ್ದು ಬರ್ರಿ" ಅಂತ ಕೈ ಸರಿಸಿದ್ರಿ. ರೈಲು ಕದಲಿದ ಮೇಲೇ ನಾನು ಉಸಿರು ಬಿಟ್ಟಿದ್ದು.

ಪಂದ್ಯ 1-1, ಪೆನಾಲ್ಟಿಯಲ್ಲಿ ಭಾರತಕ್ಕೆ 5-4 ಗೆಲುವು. ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಕೊನೆಯ ಒದೆತ ತಡೆದಾಗ ಮಗಳು ನನ್ನ ಹೆಗಲ ಮೇಲಿದ್ದಳು. ಅದನ್ನು ಅವಳಿಗೆ ತೋರಿಸಿದ್ದು ನೀವೇ. ಶರಣ್ರಿ, ಅಣ್ಣಾ.