ಕಾಳುಮೆಣಸಿನ ತೇವಾಂಶದ ತಪ್ಪು ವರದಿ: ಪ್ರಯೋಗಾಲಯಕ್ಕೆ ದೂರು ಪತ್ರ

ಇವರಿಗೆ,
ಗುಣಮಟ್ಟ ವ್ಯವಸ್ಥಾಪಕರು,
ಆಹಾರ ಪರೀಕ್ಷಾ ಪ್ರಯೋಗಾಲಯ, ಬೆಂಗಳೂರು

ಇಂದ,
ಕಾಳುಮೆಣಸು ಬೆಳೆಗಾರರ ಗುಂಪು, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ವಿಷಯ: ತೇವಾಂಶವನ್ನು ಸಲ್ಲದ ವಿಧಾನದಿಂದ ಅಳೆದಿರುವುದು, ಮರುಪರೀಕ್ಷೆ ಮತ್ತು ತಿದ್ದಿದ ವರದಿ ಕೋರಿ.

ಮಾನ್ಯರೇ,

ನಮ್ಮ ಇಡಿ ಕಾಳುಮೆಣಸಿನ ಮಾದರಿಗೆ ನೀವು ಕೊಟ್ಟ ವರದಿಯ ಪ್ರತಿಯನ್ನು ಲಗತ್ತಿಸಿದ್ದೇವೆ. ಅದರಲ್ಲಿ ತೇವಾಂಶ ಶೇ. 13.8 ಎಂದಿದೆ. ಖರೀದಿ ಕರಾರಿನ ಮಿತಿ ಶೇ. 12. ಈ ಒಂದು ಅಂಕಿಯ ಮೇಲೆ ಖರೀದಿದಾರರು ಇಡೀ ಲಾಟನ್ನು ತಡೆಹಿಡಿದಿದ್ದಾರೆ.

ವಿಧಾನದ ಕಾಲಂನಲ್ಲಿ ನೀವು ಬರೆದಿರುವುದು ‘ಓವನ್, 105 ಡಿಗ್ರಿ, ಸ್ಥಿರ ತೂಕದವರೆಗೆ’ ಎಂದು. ಅಕ್ಕಿ, ರಾಗಿಗೆ ಓವನ್ ನಡೆಯುತ್ತದೆ. ಮೆಣಸಿಗೆ ನಡೆಯುವುದಿಲ್ಲ. ಓವನ್ ಅಳೆಯುವುದು ತೂಕ ಎಷ್ಟು ಇಳಿಯಿತು ಎಂಬುದನ್ನು ಮಾತ್ರ. ಹೋದದ್ದು ನೀರೋ ಎಣ್ಣೆಯೋ ಎಂಬುದು ಅದಕ್ಕೆ ತಿಳಿಯದು. ಪುಡಿ ಮಾಡಿದ ಮೆಣಸನ್ನು ಆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ನೀರಿನ ಜೊತೆಗೆ ಆವಿಶೀಲ ಎಣ್ಣೆಯೂ ಹಾರಿಹೋಗುತ್ತದೆ. ಓವನ್ ಬಾಗಿಲು ತೆರೆದಾಗ ಕೋಣೆಯೆಲ್ಲ ಮೆಣಸಿನ ಘಾಟು ತುಂಬಿತ್ತೆಂದರೆ, ಆ ಘಾಟನ್ನೂ ನೀವು ನೀರಿನ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ ಎಂದೇ ಅರ್ಥ.

ಇದಕ್ಕೆ ಸಾಕ್ಷಿ ನಿಮ್ಮದೇ ವರದಿಯಲ್ಲಿದೆ. ಎರಡು ಸಾಲು ಕೆಳಗೆ, ಕ್ಲೆವೆಂಜರ್ ಉಪಕರಣದಲ್ಲಿ ತೆಗೆದ ಆವಿಶೀಲ ಎಣ್ಣೆ 100 ಗ್ರಾಂಗೆ 2.8 ಮಿ.ಲೀ. ಎಂದು ಬರೆದಿದ್ದೀರಿ. ಮೆಣಸಿನ ಎಣ್ಣೆ ನೀರಿಗಿಂತ ಹಗುರ. ಅಷ್ಟು ಎಣ್ಣೆ ತೂಕದಲ್ಲಿ ಸುಮಾರು ಎರಡೂವರೆ ಗ್ರಾಂ ಆಗುತ್ತದೆ. ಇದೇ ಲಾಟಿನ ಜೋಡಿ ಮಾದರಿಯನ್ನು ನಾವು ಟಾಲ್ವಿನ್ (ನೀರಿನಲ್ಲಿ ಬೆರೆಯದ ಒಂದು ದ್ರಾವಕ) ಜೊತೆ ಬಟ್ಟಿ ಇಳಿಸುವ ವಿಧಾನದಲ್ಲಿ ನೋಡಿದಾಗ 40 ಗ್ರಾಂ ಪುಡಿಗೆ 4.6 ಮಿ.ಲೀ. ನೀರು ಬಂದಿದೆ, ಅಂದರೆ ಶೇ. 11.5. ನಿಮ್ಮ ಅಂಕಿಗೂ ನಮ್ಮ ಅಂಕಿಗೂ ಇರುವ ವ್ಯತ್ಯಾಸ 2.3. ಅದು ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ಸಂಬಾರ ಪದಾರ್ಥಗಳ ತೇವಾಂಶಕ್ಕೆಂದೇ ಐಎಸ್‌ಒ 939 ಎಂಬ ಅಂತರರಾಷ್ಟ್ರೀಯ ಮಾನಕ ಇದೆ. ಡೀನ್-ಸ್ಟಾರ್ಕ್ ಉಪಕರಣದಲ್ಲಿ ಟಾಲ್ವಿನ್ ಜೊತೆ ಕುದಿಸಿದರೆ ನೀರೂ ಟಾಲ್ವಿನ್ನೂ ಒಟ್ಟಿಗೆ ಆವಿಯಾಗಿ ಕಂಡೆನ್ಸರಿನಲ್ಲಿ ತಣಿದು ಇಳಿಯುತ್ತವೆ. ಭಾರವಾದ ನೀರು ಅಳತೆ ಗೆರೆಗಳಿರುವ ಕೊಳವೆಯ ತಳ ಸೇರುತ್ತದೆ, ಟಾಲ್ವಿನ್ ತುಂಬಿ ಫ್ಲಾಸ್ಕಿಗೆ ಮರಳುತ್ತದೆ. ಮೆಣಸಿನ ಎಣ್ಣೆ ಟಾಲ್ವಿನ್ನಿನಲ್ಲೇ ಕರಗಿ ಉಳಿಯುವುದರಿಂದ ಅಳತೆಗೆ ಸಿಗುವುದು ನೀರು ಮಾತ್ರ. ಈ ವಿಧಾನದಲ್ಲೂ ಕೈ ತಪ್ಪುವ ಜಾಗಗಳಿವೆ. ಗಾಜಿನಲ್ಲಿ ಜಿಡ್ಡು ಇದ್ದರೆ ಹನಿಗಳು ಕಂಡೆನ್ಸರಿಗೇ ಅಂಟಿಕೊಂಡು ತೇವಾಂಶ ಕಡಿಮೆ ತೋರಿಸುತ್ತದೆ. ಅವನ್ನು ಟಾಲ್ವಿನ್ ಸುರಿದು ಕೆಳಗಿಳಿಸಬೇಕು. ನೀರಿನ ಮಟ್ಟ ಏರುವುದು ಪೂರ್ತಿ ನಿಲ್ಲುವವರೆಗೆ ಉರಿ ಆರಿಸಬಾರದು. ಕೊಳವೆ ಕೋಣೆಯ ಉಷ್ಣತೆಗೆ ಬಂದ ಮೇಲೇ ಓದಬೇಕು. ಮಿಕ್ಸಿ ಬಿಸಿಯಾಗುವಷ್ಟು ಹೊತ್ತು ಪುಡಿ ಮಾಡಿದರೆ ನೀರೂ ಎಣ್ಣೆಯೂ ಅಲ್ಲೇ ಹಾರುತ್ತವೆ.

ಮೆಣಸಿಗೆ ಖಾರ ಕೊಡುವ ಪೈಪರಿನ್‌ನ ಅಂಕಿಯ ಬಗ್ಗೆಯೂ ನಮಗೆ ಅನುಮಾನವಿದೆ. ವರದಿ ಶೇ. 3.2 ಎನ್ನುತ್ತದೆ, ವಿಧಾನ ‘ಸಂಸ್ಥೆಯ ಆಂತರಿಕ ವಿಧಾನ’ ಎಂದಷ್ಟೇ ಇದೆ. ಪೈಪರಿನ್ ದ್ರಾವಣ ಬೆಳಕಿಗೆ ಬಿದ್ದರೆ ಅಣುವಿನ ರೂಪ ಬದಲಾಗಿ, 343 ನ್ಯಾನೋಮೀಟರಿನ ಹತ್ತಿರ ಅದು ಹೀರುವ ಬೆಳಕು ಕಡಿಮೆಯಾಗುತ್ತದೆ. ಕಂದು ಗಾಜಿನ ಫ್ಲಾಸ್ಕ್ ಬಳಸದೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಆಲ್ಕೋಹಾಲ್ ಸಾರವನ್ನು ಇಟ್ಟು ಊಟಕ್ಕೆ ಹೋಗಿಬಂದರೂ ಸಾಕು, ಅಂಕಿ ಇಳಿಯುತ್ತದೆ. ನಿಮ್ಮಲ್ಲಿ ಹಾಗೇ ಆಗಿದೆ ಎನ್ನುತ್ತಿಲ್ಲ. ತೂಕ, ದುರ್ಬಲಗೊಳಿಸಿದ ಪ್ರಮಾಣ, ಓದಿದ ಹೀರಿಕೆ, ಮಾನಕ ಪೈಪರಿನ್ನಿನ ರೇಖೆ ಇವಿಷ್ಟನ್ನು ಕೊಟ್ಟರೆ ಲೆಕ್ಕ ನಾವೇ ನೋಡಿಕೊಳ್ಳುತ್ತೇವೆ.

ರೋಗ ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾದ ಫಲಿತಾಂಶವನ್ನು ‘10 ಗ್ರಾಂನಲ್ಲಿ ಇಲ್ಲ’ ಎಂದು ಕೊಟ್ಟಿದ್ದೀರಿ. ನಿಯಮ ಕೇಳುವುದು 25 ಗ್ರಾಂನಲ್ಲಿ. ಈ ಸಾಲು ಯಾವ ಖರೀದಿದಾರರಿಗೂ ಉಪಯೋಗವಿಲ್ಲ.

ಮರುಪರೀಕ್ಷೆಗೆ ನಿಮ್ಮಲ್ಲಿ ಉಳಿದ ಮಾದರಿಯನ್ನು ಬಳಸಬೇಡಿ. ಅದನ್ನು ತೆಳು ಜಿಪ್ ಕವರಿನಲ್ಲಿ ಇಟ್ಟಿರುವುದು ನೀವೇ ಕಳಿಸಿದ ಚಿತ್ರದಲ್ಲಿ ಕಾಣುತ್ತದೆ. ಗಾಳಿಯಾಡುವ ಕವರಿನಲ್ಲಿ ಮೆಣಸು ಮಳೆಗಾಲದ ತೇವ ಎಳೆದುಕೊಳ್ಳದೆ ಬಿಡುವುದಿಲ್ಲ. ನಮ್ಮ ಕಡೆ ಅಟ್ಟದ ಮೇಲಿನ ಚೀಲಕ್ಕೇ ಒಳಪದರ ಹಾಕಿ ಇಡುತ್ತೇವೆ. ಮಾದರಿ ತೆಗೆದ ದಿನವೇ ಖರೀದಿದಾರರ ಎದುರು ಮೂರು ಪಾಲು ಮಾಡಿ, ಒಂದನ್ನು ಗಾಜಿನ ಬಾಟಲಿಯಲ್ಲಿ ಅರಗಿನ ಮೊಹರು ಹಾಕಿ ಇಟ್ಟಿದ್ದೇವೆ. ಅದನ್ನು ಕಳಿಸಿಕೊಡುತ್ತೇವೆ. ಮೊಹರು ಒಡೆಯುವಾಗ ಎರಡೂ ಕಡೆಯವರು ಇರಲಿ.

ನಮ್ಮ ಬೇಡಿಕೆ ಇಷ್ಟು: ಟಾಲ್ವಿನ್ ವಿಧಾನದಲ್ಲಿ ಜೋಡಿ ಪರೀಕ್ಷೆ ಮಾಡಿ ಎರಡೂ ಓದುಗಳನ್ನು ಕೊಡಿ. ಹಳೆಯ ವರದಿಯ ಬದಲಿಗೆ ಎಂದು ಸ್ಪಷ್ಟವಾಗಿ ನಮೂದಿಸಿದ ತಿದ್ದುಪಡಿ ವರದಿಯನ್ನು ನಮಗೂ ಖರೀದಿದಾರರಿಗೂ ಒಂದೇ ದಿನ ಕಳಿಸಿ. ಸಾಲ್ಮೊನೆಲ್ಲಾ ಪರೀಕ್ಷೆಯನ್ನು 25 ಗ್ರಾಂಗೆ ಮತ್ತೆ ಮಾಡಿ, ಹೊಸ ಶುಲ್ಕವಿಲ್ಲದೆ. ನೀವು ಮಾನ್ಯತೆ ಪಡೆದಿರುವ, ಪರೀಕ್ಷಾ ಪ್ರಯೋಗಾಲಯಗಳ ಮಾನಕವಾದ ಐಎಸ್‌ಒ/ಐಇಸಿ 17025:2017ರ ಪ್ರಕಾರ ದೂರನ್ನು ಸ್ವೀಕರಿಸಿದ್ದಕ್ಕೆ ತಿಳಿವಳಿಕೆ ಕೊಡಬೇಕು, ಮತ್ತು ಅದರ ತೀರ್ಮಾನವನ್ನು ಆ ಪರೀಕ್ಷೆಯಲ್ಲಿ ಕೈ ಹಾಕದವರು ಮಾಡಬೇಕು ಅಥವಾ ಪರಿಶೀಲಿಸಿ ಒಪ್ಪಬೇಕು. ಓವನ್ ವಿಧಾನಕ್ಕೆ ಸಹಿ ಹಾಕಿದವರಿಂದಲೇ ಉತ್ತರ ಬಂದರೆ ನಾವು ಒಪ್ಪುವುದಿಲ್ಲ.

ಇಂತಿ,
ಬೆಳೆಗಾರರ ಗುಂಪಿನ ಪರವಾಗಿ,
ಗುಣಮಟ್ಟ ಮೇಲ್ವಿಚಾರಕರು

ಲಗತ್ತು: ವರದಿಯ ಪ್ರತಿ, ಟಾಲ್ವಿನ್ ಪರೀಕ್ಷೆಯ ದಾಖಲೆ, ಮೊಹರಿನ ಚಿತ್ರ