ಮೂಟೆಗಳ ಮೇಲೆ ಮನುಷ್ಯರು

ಮಾನ್ಯ ಸಂಪಾದಕರೇ,

2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಅರಬೈಲು ಘಟ್ಟದಲ್ಲಿ ತರಕಾರಿ ತುಂಬಿದ ಲಾರಿ ಕಂದಕಕ್ಕೆ ಉರುಳಿ 10 ಮಂದಿ ಮೃತಪಟ್ಟರು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಇಪ್ಪತ್ತಕ್ಕೂ ಹೆಚ್ಚು ಸಣ್ಣ ವ್ಯಾಪಾರಿಗಳು ತಮ್ಮ ಮಾಲಿನ ಜೊತೆಯಲ್ಲೇ ಅದೇ ಲಾರಿಯಲ್ಲಿದ್ದರು. ಸತ್ತವರ ಮನೆಗಳಲ್ಲಿ ಪರಿಹಾರದ ಹಣ ಕರಗಿದ ಮೇಲೂ ಸಂತೆಯ ಸಾಲ ಉಳಿದಿರುತ್ತದೆ ಎಂಬುದು ನಮ್ಮ ಭಾಗದವರಿಗೆ ಹೊಸದೇನಲ್ಲ.

ತಪ್ಪನ್ನೆಲ್ಲ ಚಾಲಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಈಚೆಗೆ ಹೆದ್ದಾರಿ ಬದಿಯ ಡಾಬಾವೊಂದರಲ್ಲಿ, ಬಕೆಟ್ ನೀರಿನಿಂದ ಮುಖ ತೊಳೆದು, ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡು ಮತ್ತೆ ಲಾರಿ ಹತ್ತುತ್ತಿದ್ದ ಚಾಲಕರೊಬ್ಬರನ್ನು ಒಂದಿಷ್ಟು ಮಲಗಬಾರದೇ ಎಂದು ಕೇಳಿದಾಗ, ಬೆಳಗಾಗುವುದರೊಳಗೆ ಮಾಲು ಮುಟ್ಟದಿದ್ದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ ಎಂದರು. ಚಾಲಕರಿಗೆ ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆಯ ನಂತರ ಅರ್ಧ ಗಂಟೆಯ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು.

ಘಟ್ಟ ಇಳಿಯುವ ಮುನ್ನ, ಯಲ್ಲಾಪುರದ ಬಳಿ, ರಾತ್ರಿ ತಪಾಸಣೆ ನಡೆಸಿ ಸರಕಿನ ಮೇಲೆ ಜನರನ್ನು ಕೂರಿಸಿದ ಲಾರಿಗಳನ್ನು ತಡೆಯಬೇಕು. ಜೊತೆಗೆ, ಸಂತೆಯ ಹಿಂದಿನ ರಾತ್ರಿ ವ್ಯಾಪಾರಿಗಳಿಗಾಗಿ ಸವಣೂರಿನಿಂದ ಕುಮಟಾಕ್ಕೆ ಬಸ್ ಓಡಿಸುವ ಬಗ್ಗೆ ವಾಯವ್ಯ ಸಾರಿಗೆ ಸಂಸ್ಥೆ ಯೋಚಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಹಾವೇರಿ