ಶೀಟಿನ ಬಿಲ್ಲಿನಲ್ಲಿ ಲೇಪನದ ಲೆಕ್ಕವನ್ನೂ ಬರೆದುಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮಳೆಗಾಲ ಶುರುವಾದ ಕೂಡಲೇ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬರುತ್ತದೆ. ಗಾಳಿಗೆ ಮನೆಯ ಶೀಟು ಹಾರಿತು, ಇಷ್ಟು ಸಾವಿರ ನಷ್ಟ ಎಂದು. ಜೊತೆಗೆ ತೆಂಗಿನ ತೋಟದಲ್ಲಿ ಮುದುಡಿ ಬಿದ್ದ ಶೀಟಿನ ಫೋಟೊ. ಅಂಥ ಫೋಟೊ ನೋಡಿದಾಗೆಲ್ಲ ನನಗೆ ನಮ್ಮ ಮನೆಯದೇ ನೆನಪಾಗುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಯಿತು, ಆದರೂ ದಯವಿಟ್ಟು ಪ್ರಕಟಿಸಿ.

ನಮ್ಮದು ಮರವಂತೆ. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ನಮ್ಮ ಮನೆಯಿಂದ ಕಡಲು ಮುನ್ನೂರು ಮೀಟರ್ ಕೂಡ ಆಗುವುದಿಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಮಾವನವರ ಕಾಲದ ಮನೆ. 2016ರವರೆಗೂ ಹಂಚೇ ಇತ್ತು. ಆಮೇಲೆ ಸಾಕಾಯಿತು. ಮಂಗಗಳ ಹಿಂಡು ಬಂದು ಕುಣಿದು ಹೋದರೆ ಹತ್ತಿಪ್ಪತ್ತು ಹಂಚು ಪುಡಿ. ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು. ಮೇ ತಿಂಗಳಲ್ಲಿ ಮಾಡು ಹತ್ತಿ ಹಂಚು ಸರಿ ಮಾಡಿಕೊಡಲು ಜನವೇ ಸಿಗುವುದಿಲ್ಲ. ಊರಿನಲ್ಲಿ ಎಲ್ಲರೂ ಶೀಟು ಹಾಕಿಸುತ್ತಿದ್ದರು, ನಾವೂ ಹಾಕಿಸಿದೆವು.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ನಮ್ಮ ಕರಾವಳಿಯ ಮನೆಗಳನ್ನು ಆ ಮಣ್ಣಿನ ಹಂಚು ಕಾದಿದೆ. ಸುಟ್ಟ ಮಣ್ಣನ್ನು ಕಬ್ಬಿಣದ ಹಾಗೆ ತುಕ್ಕು ತಿನ್ನುವುದಿಲ್ಲ ನೋಡಿ. ಹಾಗಾಗಿ ಮಾಡಿಗೂ ಉಪ್ಪು ಗಾಳಿಗೂ ಏನು ಸಂಬಂಧ ಎಂದು ಯೋಚಿಸುವ ಅಭ್ಯಾಸವೇ ನಮಗಿರಲಿಲ್ಲ. ಕಬ್ಬಿಣದ ಮಾಡು ಬಂದ ಮೇಲೂ ನಾವು ಹಂಚಿನ ಕಾಲದ ಹಾಗೆಯೇ ಇದ್ದೆವು.

ಅಂಗಡಿಯಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ. ಯಾವ ಬಣ್ಣ ಇದೆ, ಎಷ್ಟು ದಪ್ಪ. ಅವರು 0.50 ಎಂದರು. ಬಿಲ್ಲಿನಲ್ಲಿ "ಕಲರ್ ಶೀಟ್" ಎಂದಿತ್ತು, ಅಷ್ಟೇ. ಹಾಕಲು ಬಂದ ಹುಡುಗರು ಎರಡೇ ದಿನದಲ್ಲಿ ಮುಗಿಸಿದರು. ಕಟ್ಟಿಂಗ್ ಮೆಷಿನ್‌ನಲ್ಲಿ ಶೀಟು ಕತ್ತರಿಸುವಾಗ ದೀಪಾವಳಿಯ ನಕ್ಷತ್ರಕಡ್ಡಿಯ ಹಾಗೆ ಕಿಡಿ ಹಾರುತ್ತಿತ್ತು. ಮೊಮ್ಮಗಳು ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದಳು. ಆ ಒಂದೊಂದು ಕಿಡಿಯೂ ಶೀಟಿನ ಬಣ್ಣಕ್ಕೆ ಅಂಟಿಕೊಂಡು ತುಕ್ಕಿನ ಬೀಜ ಬಿತ್ತುತ್ತಿದೆ ಎಂದು ನಮಗೆ ಯಾರು ಹೇಳಬೇಕು?

2020ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಜಗಲಿಯ ಮೇಲೆ ಜೇಡರ ಬಲೆ ತೆಗೆಯುತ್ತಿದ್ದೆ. ಕೈಯಲ್ಲಿ ಹಿಡಿಸೂಡಿ. ಪಡುವಣ ಬದಿಯ ಮಾಡಿನ ಅಂಚಿಗೆ ಹಿಡಿಸೂಡಿ ತಾಗಿಸಿದೆ. ನಾಲ್ಕು ಕಡ್ಡಿ ಶೀಟಿನೊಳಗೇ ಹೋದವು. ಹಿಂದಕ್ಕೆ ಎಳೆದೆ. ಕಂದು ಪುಡಿ ಕಣ್ಣಿಗೆ ಬಿತ್ತು. ತಲೆ ಎತ್ತಿ ನೋಡಿದರೆ ನಾಲ್ಕು ತೂತಿನಲ್ಲಿ ಆಕಾಶ ಕಾಣುತ್ತಿತ್ತು. ಏಣಿ ಇಟ್ಟು ಮೇಲಿಂದ ನೋಡಿಸಿದರೆ ಬಣ್ಣ ಇನ್ನೂ ಚೆನ್ನಾಗಿತ್ತು. ಮೇಲೆ ಹಸಿರು, ಅಡಿಯಲ್ಲಿ ಹಪ್ಪಳ. ನಾಲ್ಕೇ ವರ್ಷ.

ನನ್ನ ತಮ್ಮ ಗಂಗೊಳ್ಳಿ ಬಂದರಿನಲ್ಲಿ ಬೋಟುಗಳ ರಿಪೇರಿ ಕೆಲಸದಲ್ಲಿದ್ದಾನೆ. ಉಪ್ಪಿಗೂ ಕಬ್ಬಿಣಕ್ಕೂ ನಡೆಯುವ ಜಗಳವನ್ನು ಅವನು ದಿನಾ ನೋಡುವವನು. ಬಂದು ನೋಡಿದ. "ಅಕ್ಕ, ಮೇಲಿನ ಉಪ್ಪು ಮಳಿ ತೊಳಿತ್ತ್. ಅಡಿಗಿದ್ದ ಉಪ್ಪ್ ಯಾರ್ ತೊಳಿತ್ರ್?" ಎಂದ.

ಆ ಮಾತು ನನಗೆ ಕಣ್ಣು ತೆರೆಸಿತು. ಶೀಟು ಹಾಳಾಗುವುದು ಮಳೆಯಿಂದ ಎಂದೇ ನಾನು ತಿಳಿದಿದ್ದೆ. ನಮ್ಮಲ್ಲಿ ಹೆಚ್ಚಿನವರು ಹಾಗೇ ತಿಳಿದಿದ್ದಾರೆ. ನಿಜ ಬೇರೆ. ಮಳೆ ಶೀಟಿನ ಮೇಲ್ಮೈಯನ್ನು ತೊಳೆಯುತ್ತದೆ. ತಿನ್ನುವುದು ಡಿಸೆಂಬರ್‌ನಿಂದ ಮೇ ತನಕದ ಒಣ ತಿಂಗಳು. ಮಧ್ಯಾಹ್ನದ ಕಡಲಗಾಳಿ ಉಪ್ಪಿನ ಹನಿಗಳನ್ನು ತಂದು ಕೂರಿಸುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಗುವುದಿಲ್ವಾ, ಅದೇ ಕಥೆ. ರಾತ್ರಿಯಿಡೀ ಶೀಟಿನ ಅಡಿಭಾಗ ಉಪ್ಪುನೀರಿನಲ್ಲಿ ಒದ್ದೆಯಾಗಿರುತ್ತದೆ. ಹೊರಚಾಚಿದ ಅಂಚು, ಜಗಲಿಯ ಮಾಡಿನ ಅಡಿ, ತಾರಸಿ ಮೇಲೆ ಹಾಕಿಸಿದ ಶೀಟಿನ ಒಳಭಾಗ, ಇಲ್ಲೆಲ್ಲ ಮಳೆ ಬೀಳುವುದೇ ಇಲ್ಲ. ಮೊದಲು ಹೋಗುವುದೂ ಅವೇ.

ಒಂದೆರಡು ಕಡೆ ತೇಪೆ ಹಾಕಿಸಿ ದಿನ ದೂಡಿದೆವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಪಡುವಣ ಮೂಲೆಯ ಎರಡು ಶೀಟು ಎದ್ದು ಬಡಿಯತೊಡಗಿದವು. ಆ ಸದ್ದು ನಾನು ಸಾಯುವ ತನಕ ಮರೆಯುವುದಿಲ್ಲ. ನಾವು ಮಧ್ಯದ ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತಿದ್ದೆವು. ಮರುದಿನ ಅಂಗಳದಲ್ಲಿ ಸ್ಕ್ರೂಗಳ ತಲೆ ಬಿದ್ದಿದ್ದವು. ತಲೆ ಮಾತ್ರ. ಶೀಟು ಹರಿದಿರಲಿಲ್ಲ, ಶೀಟಿನಡಿಯ ಕಬ್ಬಿಣದ ಪೈಪು ಬಾಗಿರಲಿಲ್ಲ. ಹಳದಿ ಬಣ್ಣದ ಅಗ್ಗದ ಸ್ಕ್ರೂ, ತುಕ್ಕು ತಿಂದು ಕುತ್ತಿಗೆ ಮುರಿದಿತ್ತು. ವಾಷರ್ ಒಣಗಿ ಚೂರಾಗಿತ್ತು. ನಮ್ಮ ಮಾಡಿಗೆ ಬೇಕಾದ್ದು ಸುಮಾರು 600 ಸ್ಕ್ರೂ. ಒಳ್ಳೆಯ ಸ್ಕ್ರೂ ಹಾಕಿದ್ದರೆ ಕೆಲವು ಸಾವಿರ ರೂಪಾಯಿ ಜಾಸ್ತಿ ಆಗುತ್ತಿತ್ತು, ಅಷ್ಟೇ.

ಮತ್ತೆ ಹಾಕಿಸುವ ಮೊದಲು ತಮ್ಮನನ್ನು ಕರೆದುಕೊಂಡು ಕುಂದಾಪುರ, ಉಡುಪಿ ಎಲ್ಲ ಸುತ್ತಿದೆ. ನನ್ನ ಹಾಗೆ ಇನ್ನೊಬ್ಬರು ಎರಡು ಸಲ ಮಾಡು ಹಾಕಿಸುವುದು ಬೇಡ ಎಂದು ತಿಳಿದದ್ದನ್ನು ಬರೆಯುತ್ತೇನೆ.

ಶೀಟನ್ನು ಉಳಿಸುವುದು ಬಣ್ಣವಲ್ಲ, ಬಣ್ಣದ ಅಡಿಯ ಲೇಪನ. ಬೋಟಿನ ಕಬ್ಬಿಣದ ತಳಕ್ಕೆ ಜಿಂಕ್ ಗಟ್ಟಿ ಕೂರಿಸುತ್ತಾರೆ. ಉಪ್ಪುನೀರು ಕಬ್ಬಿಣವನ್ನು ಬಿಟ್ಟು ಮೊದಲು ಜಿಂಕನ್ನು ತಿನ್ನುತ್ತದೆ, ಜಿಂಕ್ ಮುಗಿಯುವ ತನಕ ತಳ ಉಳಿಯುತ್ತದೆ. ಜಿಐ ಶೀಟಿನಲ್ಲೂ, ಅಂದರೆ ಜಿಂಕ್ ಲೇಪಿಸಿದ ಶೀಟಿನಲ್ಲೂ, ನಡೆಯುವುದು ಇದೇ. ಅಂದ ಮೇಲೆ ಎಷ್ಟು ಜಿಂಕ್ ಇದೆ ಎನ್ನುವುದೇ ಶೀಟಿನ ಆಯುಷ್ಯ, ಅಲ್ವಾ? ಝಡ್ 275 ಎಂದರೆ ಒಂದು ಚದರ ಮೀಟರ್ ಶೀಟಿಗೆ ಎರಡೂ ಬದಿ ಸೇರಿ 275 ಗ್ರಾಂ ಜಿಂಕ್. ಝಡ್ 120 ಎಂದರೆ 120 ಗ್ರಾಂ. ಎರಡೂ ನೋಡಲು ಒಂದೇ ಥರ. ಈಗ ಜಾಸ್ತಿ ಬರುವುದು ಗ್ಯಾಲ್ವಾಲ್ಯೂಮ್. ಅದರ ಲೇಪನದ ತೂಕದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, 43.4 ಪಾಲು ಜಿಂಕ್, ಉಳಿದ 1.6 ಸಿಲಿಕಾನ್. ಉಪ್ಪು ಗಾಳಿಗೆ ಬರೀ ಜಿಂಕ್‌ಗಿಂತ ಇದು ಹೆಚ್ಚು ಬಾಳುತ್ತದೆ. ಎಝಡ್ 150 ಎಂದರೆ 150 ಗ್ರಾಂ. ಅದಕ್ಕಿಂತ ಕಡಿಮೆಯದ್ದನ್ನು ಕರಾವಳಿಯಲ್ಲಿ ಮನೆಗೆ ಹಾಕಿಸಬೇಡಿ ಎಂದು ಕೈ ಮುಗಿದು ಹೇಳುತ್ತೇನೆ.

ದಪ್ಪದ ಲೆಕ್ಕದಲ್ಲೂ ಮೋಸ ಹೋಗಬಾರದು. ಲೇಪನ, ಬಣ್ಣ ಎಲ್ಲ ಸೇರಿ 0.50 ಮಿ.ಮೀ. ಎಂದರೆ ಒಳಗಿನ ಉಕ್ಕು 0.45ಕ್ಕೂ ಕಡಿಮೆ ಇರಬಹುದು. ಉಕ್ಕು ಎಷ್ಟು, ಒಟ್ಟು ಎಷ್ಟು, ಎರಡೂ ಕೇಳಿ. ವಾರಂಟಿ ಕಾರ್ಡಿನ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿ ಓದಿ. ಕಡಲಿನಿಂದ ಇಂತಿಷ್ಟು ದೂರದೊಳಗೆ ವಾರಂಟಿ ಇಲ್ಲ ಎಂದು ಬರೆದಿರುವುದುಂಟು. ನಮ್ಮ ಮೊದಲ ಶೀಟಿನ ಕಾರ್ಡಿನಲ್ಲಿ ಹಾಗೇ ಇತ್ತು. ಮನೆ ಎಲ್ಲಿ ಎಂದು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ.

ನಾವು ಕಡಲಿಗೆ ತೀರಾ ಹತ್ತಿರ ಇರುವುದರಿಂದ 2022ರಲ್ಲಿ ಅಲ್ಯೂಮಿನಿಯಂ ಶೀಟನ್ನೇ ಹಾಕಿಸಿದೆವು. ದುಬಾರಿ. ನನ್ನ ಪಿಂಚಣಿಯ ಉಳಿತಾಯದಲ್ಲಿ ದೊಡ್ಡ ಪಾಲು ಹೋಯಿತು. ಅದಕ್ಕೆ ಕಬ್ಬಿಣದ ತುಕ್ಕಿಲ್ಲ, ಆದರೆ ಅದರದ್ದೇ ಆದ ಕಟ್ಟುಪಾಡುಗಳಿವೆ. ಅಡಿಯ ಕಬ್ಬಿಣದ ಪೈಪಿಗೆ ನೇರ ತಾಗಬಾರದು, ನಡುವೆ ರಬ್ಬರ್ ಪಟ್ಟಿ ಇರಬೇಕು. ಬಿಸಿಲಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 20 ಅಡಿಯ ಶೀಟು ಹಗಲು ರಾತ್ರಿಯ ನಡುವೆ ಐದಾರು ಮಿ.ಮೀ. ಹಿಗ್ಗಿ ಕುಗ್ಗಬಹುದು. ಸ್ಕ್ರೂವಿನ ತೂತು ಸ್ವಲ್ಪ ಸಡಿಲ ಬೇಕು. ಬಿಸಿಲೇರುವಾಗ ಮಾಡು ಟಕ್ ಟಕ್ ಎನ್ನುತ್ತದೆ, ಹೆದರಬೇಕಾಗಿಲ್ಲ. ಗೋಡೆಗೂ ಶೀಟಿಗೂ ನಡುವಿನ ಸಂದಿಗೆ ಮೇಸ್ತ್ರಿಗಳು ಅಭ್ಯಾಸಬಲದಿಂದ ಸಿಮೆಂಟ್ ಮೆತ್ತುತ್ತಾರೆ. ಹಸಿ ಸಿಮೆಂಟ್ ಅಲ್ಯೂಮಿನಿಯಮನ್ನೂ ಜಿಂಕನ್ನೂ ತಿನ್ನುತ್ತದೆ. ನಾನು ಕೆಳಗೆ ನಿಂತು ಬೇಡ ಬೇಡ ಎಂದು ಹೇಳಿ ತಪ್ಪಿಸಿದೆ.

ಸ್ಕ್ರೂ ಬಗ್ಗೆ ಇನ್ನೊಂದು ಮಾತು. ಅಲ್ಯೂಮಿನಿಯಂ ಶೀಟಿಗೆ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಸರಿ. ಅಂಗಡಿಯಲ್ಲಿ ಸ್ಟೇನ್‌ಲೆಸ್ ಎಂದು 410 ಕೊಡುವುದುಂಟು, ಅದು ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ನನ್ನ ತಮ್ಮ ಹಳೆಯ ಸ್ಪೀಕರಿನ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಸ್ಕ್ರೂವಿನ ತಲೆಗೆ ಹಿಡಿದ. ಗಟ್ಟಿಯಾಗಿ ಅಂಟಿದ್ದನ್ನೆಲ್ಲ ವಾಪಸ್ ಕೊಟ್ಟ. ಗ್ಯಾಲ್ವಾಲ್ಯೂಮ್ ಶೀಟಿಗಾದರೆ ಸ್ಟೇನ್‌ಲೆಸ್ ಬೇಡ, ಆ ಜೋಡಿಯಲ್ಲಿ ಸ್ಕ್ರೂ ಉಳಿದು ಸುತ್ತಲಿನ ಲೇಪನ ಹೋಗುತ್ತದೆ. ಅದಕ್ಕೆ ದಪ್ಪ ಲೇಪನದ, ಹೊರಾಂಗಣಕ್ಕೆಂದೇ ಮಾಡಿದ ಸ್ಕ್ರೂ ಇದೆ, ಕೇಳಿ ತನ್ನಿ. ವಾಷರ್ ಬಿಸಿಲು ಮಳೆ ತಾಳುವ ಇಪಿಡಿಎಂ ಎಂಬ ರಬ್ಬರಿನದೇ ಆಗಲಿ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ.

ಗಾಳಿಯ ವಿಚಾರ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಕಟ್ಟಡದ ಲೆಕ್ಕಕ್ಕೆ ಮಂಗಳೂರಿಗೆ ಇಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ 140 ಕಿ.ಮೀ. ಆಯಿತು. ಗಾಳಿ ಮಾಡನ್ನು ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದು ಜಾಸ್ತಿ, ಅದರಲ್ಲೂ ಮೂಲೆ ಮತ್ತು ಅಂಚುಗಳಲ್ಲಿ. ನಡುವಿನಷ್ಟೇ ಸ್ಕ್ರೂ ಅಂಚಿಗೂ ಹಾಕಿದರೆ ಸಾಲದು, ಹತ್ತಿರ ಹತ್ತಿರ ಬೇಕು. ನಮ್ಮ ಮಾಡು ಪೂರ್ವ ಪಶ್ಚಿಮಕ್ಕೆ ಇಳಿದಿದೆ, ಮಳೆಗಾಳಿ ನೈಋತ್ಯದಿಂದ. ಹಾಗಾಗಿ ಉತ್ತರದ ತುದಿಯಿಂದ ಹಾಕುತ್ತ ಬಂದರು. ದಕ್ಷಿಣದ ಶೀಟು ಮೇಲೆ ಕೂತರೆ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ. ಪೈಪಿನ ವೆಲ್ಡಿಂಗ್ ಆದಲ್ಲಿ ಜಿಂಕ್ ಸುಟ್ಟು ಹೋಗಿರುತ್ತದೆ. ಅಲ್ಲಿ ಬರೀ ಬಣ್ಣ ಬಳಿದರೆ ಆಗದು, ಉಜ್ಜಿ ಜಿಂಕ್ ಪೇಂಟ್ ಹೊಡೆಸಬೇಕು. ಸಂಜೆ ಕೆಲಸ ಬಿಡುವ ಮೊದಲು ಡ್ರಿಲ್ಲಿನ ಪುಡಿ ಗುಡಿಸಿ ತೆಗೆಯಬೇಕು.

ಈಗ ಒಣ ತಿಂಗಳಲ್ಲಿ ತಿಂಗಳಿಗೊಂದು ಸಲ ನೀರಿನ ಪೈಪು ಹಿಡಿದು ಮಾಡಿನ ಅಂಚಿನ ಅಡಿಭಾಗ ತೊಳೆಯುತ್ತೇವೆ. ಅರ್ಧ ಗಂಟೆಯ ಕೆಲಸ. ಸಿಹಿನೀರೇ ಬೇಕು. ನಮ್ಮ ಕಡೆ ಏಪ್ರಿಲ್ ಹೊತ್ತಿಗೆ ಎಷ್ಟೋ ಬಾವಿಯ ನೀರು ಉಪ್ಪಾಗುತ್ತದೆ, ಆ ನೀರಲ್ಲಿ ತೊಳೆಯುವುದಕ್ಕಿಂತ ಸುಮ್ನೆ ಇರುವುದು ಮೇಲು. ಮಾಡಿನ ನೀರು ಹರಿಯುವ ದಂಬೆಯ ತರಗೆಲೆಯನ್ನು ಮಳೆಗೆ ಮೊದಲೂ ಆಮೇಲೂ ತೆಗೆಯುತ್ತೇವೆ.

ಇಷ್ಟೆಲ್ಲ ತಿಳಿಯಲು ನನಗೆ ಬೋಟಿನ ಕೆಲಸದ ತಮ್ಮ ಇದ್ದ. ಇಲ್ಲದವರು ಏನು ಮಾಡಬೇಕು? ವಸತಿ ಯೋಜನೆಯ ಹಣದಲ್ಲಿ ಮನೆ ಕಟ್ಟುವ ಬಡವರು ನಾಲ್ಕೈದು ವರ್ಷಕ್ಕೆ ಇನ್ನೊಂದು ಮಾಡು ಎಲ್ಲಿಂದ ತರಬೇಕು? ಅದಕ್ಕೇ ಕೇಳುತ್ತಿದ್ದೇನೆ. ಶೀಟು ಮಾರುವವರು ಬಿಲ್ಲಿನಲ್ಲಿ ಉಕ್ಕಿನ ದಪ್ಪ ಮತ್ತು ಲೇಪನದ ಗ್ರಾಂ ಬರೆದುಕೊಡಲಿ. ಒಂದು ಸಾಲು ಸಾಕು. ಪಂಚಾಯತಿಯವರು ಕಂತಿನ ಹಣಕ್ಕಾಗಿ ಮನೆಯ ಫೋಟೊ ತೆಗೆಯಲು ಬರುವಾಗ ಶೀಟು ಯಾವುದು, ಸ್ಕ್ರೂ ಯಾವುದು ಎಂದೂ ನೋಡಲಿ. ಮಾಡು ಹಾಕುವ ಹುಡುಗರಿಗೆ ಐಟಿಐಗಳಲ್ಲಿ ಎರಡು ದಿನದ ತರಬೇತಿ ಕೊಟ್ಟರೂ ಆದೀತು. ಆ ಹುಡುಗರು ಕಷ್ಟಪಟ್ಟು ದುಡಿಯುವವರು, ಹೇಳಿಕೊಟ್ಟರೆ ಖಂಡಿತ ಮಾಡುತ್ತಾರೆ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಮುಂದಿನ ಮಳೆಗಾಲದಲ್ಲಿ ಶೀಟು ಹಾರಿದ ಮನೆಗೆ ಹೋದಾಗ ಅಂಗಳದಲ್ಲಿ ಬಿದ್ದ ಸ್ಕ್ರೂ ಒಂದನ್ನು ಹೆಕ್ಕಿ ನೋಡಿ, ಅದರ ಫೋಟೊವನ್ನೂ ಹಾಕಿ. ನಮ್ಮ ಹಳೆಯ ಸ್ಕ್ರೂಗಳ ತಲೆಗಳನ್ನು ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಇಟ್ಟಿದ್ದೇನೆ. ಶೀಟು ಹಾಕಿಸಲು ಹೊರಟವರು ಯಾರಾದರೂ ಮನೆಗೆ ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಮರವಂತೆ, ಬೈಂದೂರು ತಾಲ್ಲೂಕು